ಮೂವತ್ತೇಳಕ್ಕನೂ ತಂಪು ಪೆಟ್ಟಿಗೆಯೂ

ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ಕೋಣೆ ದಾಟಿ ಬಲಕ್ಕೆ ತಿರುಗಿದರೆ ನರ ಮತ್ತು ಸ್ನಾಯುಗಳ ಲ್ಯಾಬು. ಬಾಗಿಲ ಎದುರಿಗೆ ಒಂದು ಕಬ್ಬಿಣದ ಬೆಂಚು. ಮೂರು ವರ್ಷದ ಹಿಂದೆ ನಾನು ಆ ಬೆಂಚಿನ ಮೇಲೆ ಎರಡು ವಾರ ಕೂತಿದ್ದೇನೆ. ಕೂರು ಎಂದು ಯಾರೂ ಹೇಳಿರಲಿಲ್ಲ. ಏಳು ತಿಂಗಳ ಮಗಳು ಮೂರನೇ ಮಹಡಿಯ ವಾರ್ಡಿನಲ್ಲಿ ಮಲಗಿರುತ್ತಿದ್ದಳು. ಅವಳ ಪಕ್ಕ ನನ್ನ ಅತ್ತೆ ಕೂತು, "ನೀನಿದ್ರೆ ಮಗು ಉಸಿರಾಡೋಕೂ ನಿನ್ನ ಮುಖ ನೋಡ್ಬೇಕು. ಸ್ವಲ್ಪ ಹೊತ್ತು ಆಚೆ ಹೋಗಿ ಬಾ" ಎಂದು ನನ್ನನ್ನು ಅಟ್ಟುತ್ತಿದ್ದರು. ಆಚೆ ಅಂದರೆ ನನಗೆ ಕೆಳಗೆ. ಮಗಳ ವಿಷಯ ತೀರ್ಮಾನವಾಗುತ್ತಿದ್ದದ್ದು ಆ ಬಾಗಿಲ ಹಿಂದೆ.

ನಾನು ಹೇಳಹೊರಟಿರುವುದು ಆ ಬಾಗಿಲ ಹಿಂದೆ ಮೂವತ್ತೆಂಟು ವರ್ಷ ಕೆಲಸ ಮಾಡಿದ ಒಬ್ಬ ಹೆಂಗಸಿನ ಬಗ್ಗೆ. ಅವರು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಹಾಜರಿ ಪುಸ್ತಕದಲ್ಲಿ ಹಿರಿಯ ತಂತ್ರಜ್ಞೆ. ಗೇಟಿನ ವಾಚ್‌ಮನ್‌ನಿಂದ ಹಿಡಿದು ಆಸ್ಪತ್ರೆಯ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಮೂವತ್ತೇಳಕ್ಕ.

ಆ ಹೆಸರಿಗೆ ಕಾರಣ ಜೀವಕೋಶ ಬೆಳೆಸುವ ಪೆಟ್ಟಿಗೆ. ಮನುಷ್ಯನ ಕೋಶ ತಟ್ಟೆಯಲ್ಲಿ ಬದುಕಬೇಕಾದರೆ ಅದಕ್ಕೆ ಮೈಯೊಳಗಿನಷ್ಟೇ ಬಿಸಿ ಬೇಕು, ಮೂವತ್ತೇಳು ಡಿಗ್ರಿ. ಉಳಿದವರು ಇನ್‌ಕ್ಯುಬೇಟರ್ ಅನ್ನುತ್ತಿದ್ದುದನ್ನು ಅಕ್ಕ ಕಾವು ಪೆಟ್ಟಿಗೆ ಎನ್ನುತ್ತಿದ್ದರು. ಪೆಟ್ಟಿಗೆಯ ಬಾಗಿಲಲ್ಲಿ ಕೆಂಪು ಅಂಕಿ ಉರಿಯುತ್ತಿದ್ದರೂ ಅದನ್ನು ಅವರು ನಂಬುತ್ತಿರಲಿಲ್ಲ. ಒಳಗೆ ನೀರು ತುಂಬಿದ ಗ್ಲಾಸಿನಲ್ಲಿ ಒಂದು ಗಾಜಿನ ಥರ್ಮಾಮೀಟರ್ ನಿಲ್ಲಿಸಿ, ಬೆಳಗ್ಗೆ ಬಂದ ತಕ್ಷಣ ಒಮ್ಮೆ, ಸಂಜೆ ಹೊರಡುವಾಗ ಒಮ್ಮೆ ಓದಿ, ಬಾಗಿಲಿಗೆ ದಾರದಲ್ಲಿ ತೂಗುಬಿಟ್ಟ ರಟ್ಟಿನ ಕಾರ್ಡಿನ ಮೇಲೆ ಬರೆಯುತ್ತಿದ್ದರು. ಮದುವೆಯ ದಿನವೂ ಬಂದು ಓದಿಹೋದರು ಎಂದು ವಾಚ್‌ಮನ್ ಹೇಳುತ್ತಾನೆ. ಅವರನ್ನೇ ಕೇಳಿದೆ. "ಸುಳ್ಳು. ಮಾರನೇ ದಿನ ಬಂದಿದ್ದೆ" ಅಂದರು.

ಅವರ ಅಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು ಕೋಳಿಮರಿ ಮಾಡಿಸಿ ಮಾರುತ್ತಿದ್ದವರು. ಸೀಮೆಎಣ್ಣೆ ದೀಪ ಇಟ್ಟ ಮರದ ಪೆಟ್ಟಿಗೆ, ಒಳಗೆ ಇನ್ನೂರು ಮೊಟ್ಟೆ. ಬಿಸಿ ಹೆಚ್ಚಾದರೆ ಮರಿ ಚಿಪ್ಪಿನೊಳಗೇ ಬೇಯುತ್ತದೆ, ಕಡಿಮೆಯಾದರೆ ಕಾಲು ಸೊಟ್ಟಗಾಗಿ ಹುಟ್ಟುತ್ತದೆ. ಹತ್ತನೇ ವಯಸ್ಸಿನಿಂದಲೇ ಪೆಟ್ಟಿಗೆ ಕಾಯುವ ಕೆಲಸ ಅಕ್ಕನದು. ಹತ್ತೊಂಬತ್ತಕ್ಕೆ ಆಸ್ಪತ್ರೆಯಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಅರ್ಜಿ ಹಾಕಿದರು. ಆಗಿನ ಪ್ರೊಫೆಸರು ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಂತೆ. "ಒಂದು ಪೆಟ್ಟಿಗೇನ ಮೂರು ವಾರ ಮೂವತ್ತೇಳು ಡಿಗ್ರೀಲಿ ಇಡೋಕಾಗುತ್ತಾ?"

"ಮೊಟ್ಟೆಗಾದ್ರೆ ಮೂವತ್ತೇಳೂವರೆ ಸಾರ್. ನಿಮ್ಮದು ಏನು ಒಳಗಿರೋದು?"

ಪ್ರೊಫೆಸರು ಅವರಿಗೆ ಕಾವು ಪೆಟ್ಟಿಗೆ ಒಪ್ಪಿಸಿ, ಬಾಟಲಿ ತೊಳೆಯಲು ಬೇರೆಯವರನ್ನು ಹುಡುಕಿಕೊಂಡರು.

ಈಗ ನನ್ನ ಮಗಳ ವಿಷಯ. ಹುಟ್ಟಿದಾಗಿನಿಂದ ಅವಳ ರೆಪ್ಪೆ ಅರ್ಧ ಇಳಿದೇ ಇರುತ್ತಿತ್ತು. ನೋಡುವವರು "ನಿದ್ದೆಗಣ್ಣಿ" ಎಂದು ಮುದ್ದು ಮಾಡುತ್ತಿದ್ದರು. ಅಳು ಬೆಕ್ಕಿನ ಮರಿಯದಕ್ಕಿಂತ ಸಣ್ಣದು. ಹಾಲು ಕುಡಿಯುತ್ತ ಕುಡಿಯುತ್ತ ಸೋತು ಬಾಯಿ ಬಿಟ್ಟುಬಿಡುತ್ತಿದ್ದಳು. ನಾನು ಮೊದಲ ವಾರದಿಂದಲೇ ಏನೋ ಸರಿಯಿಲ್ಲ ಅನ್ನುತ್ತಿದ್ದೆ. ಆದರೆ ನಾನು ಎಲ್ಲದಕ್ಕೂ ಹಾಗೆ ಅನ್ನುವವಳು, ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಐದನೇ ತಿಂಗಳಲ್ಲಿ ಜ್ವರ ಬಂದು ಒಂದು ಮಧ್ಯಾಹ್ನ ನನ್ನ ತೊಡೆಯ ಮೇಲೆ ಉಸಿರು ನಿಲ್ಲಿಸಿದಳು. ತುಟಿ ನೀಲಿಯಾಯಿತು. ನಮ್ಮೆಜಮಾನರು ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ್ದು, ಆಟೋದಲ್ಲಿ ಅವಳು ಒಮ್ಮೆ ಬಿಕ್ಕಿ ಉಸಿರೆಳೆದಿದ್ದು, ಅಷ್ಟು ನೆನಪಿದೆ.

ನರರೋಗದ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ನರಕ್ಕೂ ಸ್ನಾಯುವಿಗೂ ನಡುವಿನ ಕೂಡುಜಾಗದಲ್ಲಿ ತೊಂದರೆ, ಹುಟ್ಟಿನಿಂದ ಬಂದದ್ದು. ಒಂದು ಮಾತ್ರೆ ಶುರು ಮಾಡಿದರು, ನಾಲ್ಕು ಗಂಟೆಗೊಮ್ಮೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡುವುದು. ಕೊಟ್ಟರೆ ಜೊಲ್ಲು ಸುರಿಯುತ್ತಿತ್ತು, ಹೊಟ್ಟೆ ಕೆಡುತ್ತಿತ್ತು. ಸ್ವಲ್ಪ ಗೆಲುವಾದಳೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ, ಆ ಮಾತ್ರೆ ಕಂಡರೆ ಆಗುತ್ತಿರಲಿಲ್ಲ. ರಕ್ತದ ಪರೀಕ್ಷೆಯಲ್ಲಿ ಎರಡು ಜೀನುಗಳಲ್ಲಿ ಬದಲಾವಣೆ ಕಂಡಿತ್ತು. ತಪ್ಪು ಯಾವುದರದೆಂದು ಕಾಗದ ಹೇಳುತ್ತಿರಲಿಲ್ಲ. ಒಂದರದಾದರೆ ಈ ಮಾತ್ರೆಯೇ ಅವಳಿಗೆ ಆಧಾರ. ಇನ್ನೊಂದರದಾದರೆ ಇದೇ ಮಾತ್ರೆ ಅವಳನ್ನು ಇನ್ನಷ್ಟು ಸೋಲಿಸುತ್ತದೆ, ಬಿಡಿಸಿ ಬೇರೆ ಸಿರಪ್ ಕೊಡಬೇಕು. ಯಾವುದೆಂದು ಕೆಳಗಿನ ಲ್ಯಾಬಿನಲ್ಲಿ ನೋಡುತ್ತಾರೆ ಎಂದರು.

ಹಾಗಾಗಿ ಬೆಂಚು.

ಮೂರನೇ ದಿನ ಬಾಗಿಲು ತೆರೆದು ಒಂದು ತಲೆ ಹೊರಬಂತು. ಬಿಳಿಕೂದಲು, ಎಣ್ಣೆ ಹಚ್ಚಿ ಬಿಗಿದ ಗಂಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ.

"ಇಲ್ಲಿ ಕೂತ್ರೆ ರಿಪೋರ್ಟು ಬೇಗ ಬರಲ್ಲಮ್ಮ. ನೀವು ಕಾಯ್ತಿರೋದು ಕೋಶಗಳಿಗೆ ಗೊತ್ತಾಗಲ್ಲ."

"ಗೊತ್ತು."

"ಗೊತ್ತಿದ್ರೆ ಟೀ ಕುಡೀರಿ."

ಲ್ಯಾಬಿಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಒಂದು ಸ್ಟೌವು, ಎರಡು ಸ್ಟೂಲು. ಗೋಡೆಯ ತುದಿಯಲ್ಲಿ, ಸೂರಿಗೆ ತಾಗಿದಂತೆ, ಉದ್ದನೆಯ ಕಿಟಕಿ. ಅದರಾಚೆ ಫುಟ್‌ಪಾತು. ಓಡಾಡುವವರ ಪಾದ ಮಾತ್ರ ಕಾಣುತ್ತದೆ. "ಈ ಆಸ್ಪತ್ರೆ ಡಾಕ್ಟ್ರುಗಳನ್ನೆಲ್ಲ ನಾನು ಚಪ್ಪಲೀಲೇ ಗುರುತು ಹಿಡೀತೀನಿ" ಅಂದರು ಅಕ್ಕ. "ಮುಖ ನೋಡಿದ್ರೆ ಅನುಮಾನ ಬರುತ್ತೆ."

ನಾನು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವವಳು. ಅಕ್ಕ ಬೇಸರಪಡಲಿಲ್ಲ. ಬಲಗೈಯ ಐದು ಬೆರಳ ತುದಿಗಳನ್ನು ತುತ್ತು ಹಿಡಿಯುವಂತೆ ಕೂಡಿಸಿ, ನಡುವೆ ಸಣ್ಣ ತೂತು ಉಳಿಸಿ, ನನ್ನ ಮುಖದ ಮುಂದೆ ಹಿಡಿದರು.

"ನರ ಹೇಳೋದನ್ನ ಸ್ನಾಯು ಕೇಳಿಸ್ಕೋಬೇಕಲ್ಲ, ಕೇಳಿಸ್ಕೊಳ್ಳೋ ಕಿವಿ ಇದು. ಡಾಕ್ಟ್ರು ರಿಸೆಪ್ಟರ್ ಅಂತಾರೆ. ಐದು ತುಂಡು ಪ್ರೋಟೀನು. ಒಂದೊಂದೂ ಕೋಶದೊಳಗೆ ಬೇರೆ ಬೇರೆ ತಯಾರಾಗುತ್ತೆ. ಆಮೇಲೆ ಮಡಚಿಕೊಂಡು, ಯಾರ ಪಕ್ಕ ಯಾರು ಅಂತ ಸರಿಯಾಗಿ ನೋಡ್ಕೊಂಡು ಹೀಗೆ ಕೂಡ್ಬೇಕು. ಒಂದು ಬೆರಳು ಸೊಟ್ಟ ಆದ್ರೂ ತೂತು ನಿಲ್ಲಲ್ಲ."

"ಕೂಡದೇ ಇದ್ರೆ?"

"ಹೊರಗೆ ಬಿಡಲ್ಲ. ಕೂಡಿಸೋಕೆ, ಪರೀಕ್ಷೆ ಮಾಡೋಕೆ ಅಂತಲೇ ಒಳಗೆ ಬೇರೆ ಪ್ರೋಟೀನುಗಳಿವೆ, ನಮ್ಮತ್ತೆ ಥರ. ಸರಿಯಿಲ್ಲ ಅಂದ್ರೆ ಬಾಗಿಲು ದಾಟೋಕೆ ಬಿಡೋದಿಲ್ಲ, ಅಲ್ಲೇ ಒಡೆದು ಹಾಕ್ತಾವೆ. ಚೆನ್ನಾಗಿರೋರ ಕೋಶದಲ್ಲೂ ಬೇಕಾದಷ್ಟು ಹಾಗೇ ಹೋಗುತ್ತೆ."

"ಕೂಡಿದ್ರೆ ಮುಗೀತಾ?"

"ಎಲ್ಲಿ ಮುಗೀತು?" ಕೂಡಿಸಿದ ಬೆರಳುಗಳನ್ನು ಮೇಜಿನ ಮೇಲೆ ಜಾರಿಸಿದರು. "ಕೋಶದ ಮೈ ಎಣ್ಣೆ ಇದ್ದ ಹಾಗೆ, ತೇಲಿಕೊಂಡು ಹೋಗಿಬಿಡುತ್ತೆ. ನರ ಬಂದು ಮುಟ್ಟೋ ಜಾಗದಲ್ಲೇ ಸಾವಿರಾರು ಕಿವಿ ಒಟ್ಟಿಗೆ ನಿಲ್ಬೇಕು. ಅದಕ್ಕೆ ನರವೇ ಸುದ್ದಿ ಕಳಿಸುತ್ತೆ, ಇಲ್ಲಿ ಸೇರಿ ಅಂತ. ಒಳಗಡೆಯಿಂದ ಬೇರೆ ಪ್ರೋಟೀನುಗಳು ಕ್ಲಿಪ್ ಹಾಕಿ ಹಿಡಿದಿಡ್ತಾವೆ, ತಂತಿ ಮೇಲೆ ಬಟ್ಟೆಗೆ ಹಾಕ್ತೀವಲ್ಲ ಹಾಗೆ. ಮಿದುಳಲ್ಲೂ ಇದೇ ಕಥೆ. ಒಂದು ನರಕೋಶ ಇನ್ನೊಂದರ ಮಾತು ಕೇಳೋಕೂ ಇಂಥದೇ ಕಿವಿ ಜೋಡಿಸ್ಕೊಂಡು ಕ್ಲಿಪ್ ಹಾಕ್ಕೋಬೇಕು. ಅಲ್ಲಿ ಕ್ಲಿಪ್ಪಿನ ಜಾತಿ ಬೇರೆ ಅಷ್ಟೇ."

"ಹಾಗಾದ್ರೆ ನನ್ನ ಮಗಳದು ಕೂಡದೇ ಇರೋದಾ, ನಿಲ್ಲದೇ ಇರೋದಾ?"

"ಅದೇ ಅಲ್ವಾ ಎರಡು ಜೀನು. ಒಂದು ಬೆರಳಿನದು, ಒಂದು ಕ್ಲಿಪ್ಪಿನದು. ನಿಮ್ಮ ಮಗಳ ಬೆರಳಿನ ಜೀನನ್ನ ತಟ್ಟೇಲಿರೋ ಕೋಶಗಳಿಗೆ ಕೊಟ್ಟಿದೀನಿ. ಮೂರು ದಿನ ಕಾವು. ಕಿವಿ ಹೊರಗೆ ಬಂತು ಅಂದ್ರೆ ಬೆರಳು ನಿರಪರಾಧಿ, ತಪ್ಪು ಕ್ಲಿಪ್ಪಿನ ಮೇಲೆ. ಬರಲಿಲ್ಲ ಅಂದ್ರೆ ಬೆರಳೇ."

"ಬಂದಿದ್ದು ಕಾಣೋದು ಹೇಗೆ?"

"ಒಂದು ಹಾವಿನ ವಿಷ ಇದೆ, ಈ ಕಿವಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಅದಕ್ಕೆ ಹೊಳೆಯೋ ಹಸಿರು ಬಣ್ಣ ಕಟ್ಟಿ ಮೇಲೆ ಹಾಕ್ತೀನಿ."

"ಹಾವಿನ ವಿಷಾನಾ? ನನ್ನ ಮಗಳ ಮೇಲಾ?"

"ತಟ್ಟೆ ಮೇಲೆ ತಾಯಿ, ತಟ್ಟೆ ಮೇಲೆ."

ಮಂಗಳವಾರ ರಿಪೋರ್ಟು ಮೇಲೆ ಹೋಯಿತು. ಕಿವಿ ಹೊರಗೆ ಬಂದಿದೆ, ಸಮೃದ್ಧವಾಗಿ ಬಂದಿದೆ. ಡಾಕ್ಟರಮ್ಮ ಹಾಸಿಗೆಯ ಪಕ್ಕ ನಿಂತು ಹೇಳಿದರು. ಬೆರಳಿನದೇನೂ ತಪ್ಪಿಲ್ಲ, ಕ್ಲಿಪ್ಪಿನದೇ. ಗುರುವಾರ ಬೆಳಗ್ಗೆಯಿಂದ ಮಾತ್ರೆ ನಿಲ್ಲಿಸೋಣ, ಸಿರಪ್ ಶುರು ಮಾಡೋಣ. ನನಗೆ ಎಷ್ಟು ಸಂತೋಷವಾಯಿತೆಂದರೆ ಅತ್ತೆಯ ಕೈ ಹಿಡಿದುಕೊಂಡೆ. ಅವರು ಗಾಬರಿಯಾದರು.

ಬುಧವಾರ ಅಕ್ಕನಿಗೆ ಹೇಳಿ ಬರೋಣವೆಂದು ಕೆಳಗೆ ಹೋದೆ. ಅವರು ಬಾಗಿಲಲ್ಲೇ ನಿಂತು ನನ್ನ ಮಾತು ಕೇಳುತ್ತಿದ್ದರು. ಹೊರಡುವಾಗ ಬಾಯಿ ಸುಮ್ಮನಿರಲಿಲ್ಲ. ಅಂಥ ಬಾಯಿ ಕೊಟ್ಟದ್ದಕ್ಕೆ ಈಗ ದೇವರಿಗೆ ಕೈ ಮುಗಿಯುತ್ತೇನೆ.

"ಇನ್ನೊಂದು ಕೇಳ್ಬೇಕಿತ್ತು ಅಕ್ಕಾ. ಮೇಲೆ ಕೇಳಿದ್ರೆ ನಗ್ತಾರೆ. ಅವಳಿಗೆ ಸೆಕೆ ಆಗಿಬರಲ್ಲ. ಬಿಸಿನೀರು ಸ್ನಾನ ಮಾಡಿಸಿದ್ರೆ ಒದ್ದೆ ಬಟ್ಟೆ ಹಾಗೆ ಬಿದ್ಕೋತಾಳೆ. ಫ್ಯಾನ್ ಕೆಳಗೆ ಮಲಗಿಸಿದ್ರೆ ಕಣ್ಣು ಬಿಡ್ತಾಳೆ. ನಾನು ಶೀತ ಆಗ್ಬಾರ್ದು ಅಂತ ಎರಡು ಸ್ವೆಟರ್ ಹಾಕ್ತೀನಲ್ಲ, ಆ ದಿನವೇ ಜಾಸ್ತಿ ಸೋಲೋದು. ಬರೆದಿಟ್ಟಿದೀನಿ, ನೋಡಿ, ಮೂವತ್ತೊಂದು ಸಲ. ಉಸಿರು ನಿಂತಿದ್ದೂ ಜ್ವರದಲ್ಲೇ. ಹೀಗಾಗುತ್ತಾ ಈ ಕಾಯಿಲೇಲಿ?"

ಅಕ್ಕ ನನ್ನ ಕೈಯಿಂದ ಆ ನೋಟುಬುಕ್ಕು ತೆಗೆದುಕೊಂಡರು. ಒಂದು ಪುಟ ಓದಿದರು, ಇನ್ನೊಂದು ತಿರುವಿದರು. ಆಮೇಲೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದರು. ಬಾಗಿಲ ಗಾಜಿನಲ್ಲಿ ಕಾಣುತ್ತಿತ್ತು. ಒಳಗೆ ಎರಡು ಕಾವು ಪೆಟ್ಟಿಗೆ. ಎರಡರಿಂದಲೂ ಕಾರ್ಡು ಬಿಚ್ಚಿ ಅಕ್ಕಪಕ್ಕ ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿ ನೋಡುತ್ತ ನಿಂತರು. ಎಷ್ಟು ಹೊತ್ತು ನಿಂತರೆಂದರೆ ನಾನು ಹೋಗಿ ಬೆಂಚಿನ ಮೇಲೆ ಕೂತೆ.

ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಅವರು ಆ ಬೆಂಚಿನ ಮೇಲೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾನು ಒಂದು ತಪ್ಪು ಮಾಡಿದೀನಿ" ಅಂದರು.

ತಪ್ಪು ಇಷ್ಟು. ಎಡಗಡೆಯ ಪೆಟ್ಟಿಗೆ ಮೂವತ್ತೇಳರದು. ಬಲಗಡೆಯದು ಯಾವುದೋ ಸಂಶೋಧನೆಗಾಗಿ ನಾಲ್ಕು ವರ್ಷದಿಂದ ಮೂವತ್ತಕ್ಕೆ ಇಟ್ಟದ್ದು. ಲ್ಯಾಬಿನವರು ಅದನ್ನು ತಂಪು ಪೆಟ್ಟಿಗೆ ಅನ್ನುತ್ತಾರೆ. ಶನಿವಾರ ಮಧ್ಯಾಹ್ನ ಎಡಗಡೆಯ ನೀರಿನ ಟ್ರೇಯಲ್ಲಿ ಬೂಷ್ಟು ಕಂಡಿತು. ಬೂಷ್ಟು ಹಬ್ಬಿದರೆ ತಟ್ಟೆಗಳೆಲ್ಲ ಹಾಳು. ಆಗ ತಂಪು ಪೆಟ್ಟಿಗೆಯಲ್ಲಿ ಬೇರೇನೂ ಇರಲಿಲ್ಲ. ಅಕ್ಕ ಅದನ್ನು ಮೂವತ್ತೇಳಕ್ಕೆ ಏರಿಸಿ, ಬಿಸಿ ನಿಂತ ಮೇಲೆ ನನ್ನ ಮಗಳ ತಟ್ಟೆಗಳನ್ನು ಅಲ್ಲಿಗೆ ದಾಟಿಸಿ, ಎಡಗಡೆಯದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಲು ಬಿಟ್ಟರು. ಸಂಜೆ ಹೊರಡುವಾಗ ಎಂದಿನಂತೆ ಒಂದು ಸುತ್ತು ಬಂದರು. ಬಲಗಡೆಯ ಬಾಗಿಲ ಕೆಂಪು ಅಂಕಿ ಮೂವತ್ತೇಳು ತೋರಿಸುತ್ತಿತ್ತು. ನಾಲ್ಕು ವರ್ಷದಿಂದ ಅಲ್ಲಿ ಮೂವತ್ತು ಇರಬೇಕೆಂದು ಗೊತ್ತಿದ್ದ ಕೈ, ಅಯ್ಯೋ ಯಾರೋ ತಿರುಗಿಸಿದ್ದಾರೆ ಅಂದುಕೊಂಡು, ತಾನಾಗಿ ಮೂವತ್ತಕ್ಕೆ ಇಳಿಸಿತು. ಥರ್ಮಾಮೀಟರು ಓದಲು ಬಾಗಿಲು ತೆರೆಯದೆ ಕಾರ್ಡಿನಲ್ಲಿ ಮೂವತ್ತು ಎಂದೇ ಬರೆದರು. ಸೋಮವಾರ ಬೆಳಗ್ಗೆ ಓದಿ ಮತ್ತೆ ಮೂವತ್ತು ಬರೆದರು. ಅಲ್ಲಿ ಮೂವತ್ತು ಕಂಡರೆ ಕಣ್ಣಿಗೆ ಅನುಮಾನ ಬರಬೇಕಾದ್ದೇನೂ ಇರಲಿಲ್ಲ. ತಟ್ಟೆ ತೆಗೆದು ಬಣ್ಣ ಹಾಕಿದರು.

ಬೇರೆ ಯಾರಾದರೂ, ಸ್ವಲ್ಪ ಉದಾಸೀನದವರಾಗಿದ್ದರೆ, ಈ ತಪ್ಪು ಆಗುತ್ತಲೇ ಇರಲಿಲ್ಲ.

"ತಂಪಲ್ಲಿ ಏನಾಗುತ್ತೆ ಅಂದ್ರೆ, ಸೊಟ್ಟ ಬೆರಳೂ ನಿಧಾನಕ್ಕೆ ಮಡಚಿಕೊಂಡು ಕೂಡಿಬಿಡೋದುಂಟು. ಅವಸರ ಇರಲ್ಲ. ಬಿಸೀಲಿ ಅದೇ ಕೂಡಲ್ಲ. ಹಾಗಾಗಿ ನಾನು ಕೊಟ್ಟ ರಿಪೋರ್ಟು ನಂಬೋ ಹಾಗಿಲ್ಲ. ನಿಮ್ಮ ಮಗಳ ಮೈ ಮೂವತ್ತರಲ್ಲಿಲ್ಲ, ಮೂವತ್ತೇಳರಲ್ಲಿದೆ. ಬೆರಳಿನದೇ ತಪ್ಪಿದ್ದು ನಾಳೆ ಮಾತ್ರೆ ನಿಲ್ಲಿಸಿಬಿಟ್ರೆ..."

ಮುಂದಿನದು ನನಗೆ ಗೊತ್ತಿತ್ತು. ನೀಲಿ ತುಟಿ.

ನಾನು ಆಗ ಕೃತಜ್ಞಳಾಗಲಿಲ್ಲ. ಇದನ್ನು ಬರೆಯುವಾಗ ಅದನ್ನೂ ಬರೆಯಬೇಕು. ನನಗೆ ಬಂದದ್ದು ಸಿಟ್ಟು. "ನಿನ್ನೆ ಸರಿ, ಇವತ್ತು ತಪ್ಪು. ಇದೇನು ನಿಮಗೆ ಆಟಾನಾ? ಅವಳೇನು ನಿಮ್ಮ ತಟ್ಟೇನಾ?" ಎಂದು ಕೂಗಾಡಿದೆ. ಎಕ್ಸ್‌ರೇಗೆ ಸಾಲಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಅಕ್ಕ ಕೂತೇ ಇದ್ದರು. ನಾನು ಸುಸ್ತಾದ ಮೇಲೆ ಎದ್ದರು.

ಮೊದಲು ಲ್ಯಾಬಿನ ಮುಖ್ಯಸ್ಥರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ಅವರ ಹಿಂದೆಯೇ ಹೋಗಿದ್ದ ನನಗೆ ಎಲ್ಲ ಕೇಳಿಸಿತು.

"ಸುಮ್ನೆ ಇನ್ನೊಂದು ಸಲ ಮಾಡಿಬಿಡಿ ಅಕ್ಕಾ" ಅಂದರು ಮುಖ್ಯಸ್ಥರು. "ಬೇರೆ ಬಂದ್ರೆ ಹೆಚ್ಚುವರಿ ಪರೀಕ್ಷೆ ಅಂತ ಕಳಿಸೋಣ. ನಾಲ್ಕು ತಿಂಗಳಿಗೆ ನಿವೃತ್ತಿ ನಿಮ್ಮದು. ಈಗ್ಯಾಕೆ ಇದೆಲ್ಲ? ಡಾಕ್ಟ್ರಿಗೆ ಆಮೇಲೆ ಹೇಳೋಣ."

"ಆಮೇಲೆ ಅಂದ್ರೆ ಗುರುವಾರ ಆದ್ಮೇಲಾ ಸಾರ್?"

ಅವರು ಉತ್ತರ ಕೊಡುವಷ್ಟರಲ್ಲಿ ಅಕ್ಕ ಹೊರಗಿದ್ದರು. ಲಿಫ್ಟಿಗೆ ಸ್ಟ್ರೆಚರ್ ಕಾಯುತ್ತಿತ್ತು. ಲ್ಯಾಬಿನ ರಬ್ಬರ್ ಚಪ್ಪಲಿಯಲ್ಲೇ ಮೂರನೇ ಮಹಡಿಯವರೆಗೆ ಹತ್ತಿದರು, ಮಹಡಿಗೊಮ್ಮೆ ಕಂಬಿ ಹಿಡಿದು ನಿಂತು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ನನ್ನ ನೋಟುಬುಕ್ಕು. ಡಾಕ್ಟರಮ್ಮ ಪೂರ್ತಿ ಕೇಳಿ ಪೆನ್ನು ಕೆಳಗಿಟ್ಟರು.

"ನೀವು ಮೂವತ್ತೇಳಕ್ಕ ತಾನೇ?"

"ಹೌದು ಮೇಡಂ. ಅದಕ್ಕೇ ನಾಚಿಕೆ ಸ್ವಲ್ಪ ಜಾಸ್ತಿ."

"ನಾನು ನಾಳೆ ಬೆಳಗ್ಗೆ ನಿಲ್ಲಿಸ್ತಿದ್ದೆ."

"ಗೊತ್ತು ಮೇಡಂ. ಅದಕ್ಕೇ ಇವತ್ತು ಬಂದೆ."

ಡಾಕ್ಟರಮ್ಮ ಮಗಳ ಚಾರ್ಟಿನ ಮೇಲೆ 'ಮಾತ್ರೆ ನಿಲ್ಲಿಸಿ' ಎಂದು ಬರೆದದ್ದರ ಮೇಲೆ ಅಡ್ಡಗೆರೆ ಎಳೆದರು. ಆ ಗೆರೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸ್ವಲ್ಪ ಸೊಟ್ಟಗಿತ್ತು. ಆಮೇಲೆ ನನ್ನ ನೋಟುಬುಕ್ಕು ತೆಗೆದುಕೊಂಡು, "ಇದನ್ನ ನನಗೆ ಯಾಕೆ ತೋರಿಸಿಲ್ಲ?" ಎಂದು ನನ್ನನ್ನು ಕೇಳಿದರು. ನೀವು ನಗುತ್ತೀರಿ ಅಂತ ಎಂದು ಹೇಳುವ ಧೈರ್ಯ ಬರಲಿಲ್ಲ.

ಎರಡನೇ ಸಲದ ತಟ್ಟೆಗಳು ಶುಕ್ರವಾರ ಪೆಟ್ಟಿಗೆಗೆ ಹೋದವು. ಈ ಸಲ ಮೂರು ಗುಂಪು. ಒಂದು ಮೂವತ್ತರಲ್ಲಿ, ಒಂದು ಮೂವತ್ತೇಳರಲ್ಲಿ. ಮೂರನೆಯದಕ್ಕೆ ಅಕ್ಕ ಪಕ್ಕದ ವಿಭಾಗದಿಂದ ಒಂದು ಸಣ್ಣ ಪೆಟ್ಟಿಗೆ ಕಡ ತಂದು ಮೂವತ್ತೊಂಬತ್ತಕ್ಕೆ ಇಟ್ಟರು. ಮೂವತ್ತೊಂಬತ್ತು ಯಾಕೆ ಎಂದು ಮುಖ್ಯಸ್ಥರು ಕೇಳಿದ್ದಕ್ಕೆ, "ಮಗೂಗೆ ಜ್ವರ ಬಂದಿತ್ತಲ್ಲ ಸಾರ್" ಅಂದರಂತೆ.

ನಾನು ಬೆಂಚಿನ ಮೇಲೆ ಕೂರುತ್ತಿದ್ದೆ, ಆದರೆ ಮಾತು ಬಿಟ್ಟಿದ್ದೆ. ಶನಿವಾರ ಅಕ್ಕ ಟೀ ತಂದು ಬೆಂಚಿನ ಮೇಲಿಟ್ಟು ಹೋದರು. ಆರಿತು. ಭಾನುವಾರ ರಜೆ, ಲ್ಯಾಬಿಗೆ ಬೀಗ. ಆದರೂ ಹತ್ತು ಗಂಟೆಗೆ ಬಂದರು, ಮನೆಯ ಸೀರೆಯಲ್ಲಿ, ಕೈಯಲ್ಲಿ ತರಕಾರಿ ಚೀಲ. ಒಳಗೆ ಹೋಗಿ ಮೂರೂ ಥರ್ಮಾಮೀಟರ್ ಓದಿ ಕಾರ್ಡು ತುಂಬಿ ಹೊರಬಂದು, ನನ್ನನ್ನು ನೋಡಿ ನಿಂತರು.

"ಇವತ್ತೂ ಕೂತಿದೀಯಾ?"

'ಕೂತಿದೀರಾ' ಅಂದಿರಲಿಲ್ಲ. ಯಾಕೋ ಆ ಏಕವಚನಕ್ಕೆ ನನ್ನ ಸಿಟ್ಟು ಸಡಿಲವಾಯಿತು.

"ನೀವೂ ಬಂದಿದೀರಲ್ಲ."

"ನನಗೆ ಬೇರೆ ದಾರಿಯಿಲ್ಲ. ಈ ಕೈ ಮೇಲೆ ಈಗ ನನಗೇ ನಂಬಿಕೆಯಿಲ್ಲ." ಪಕ್ಕದಲ್ಲಿ ಕೂತು ಚೀಲದಿಂದ ಎರಡು ಬಾಳೆಹಣ್ಣು ತೆಗೆದರು. "ನಮ್ಮಮ್ಮನ ಪೆಟ್ಟಿಗೇಲಿ ಒಂದು ಸಲ ದೀಪ ಆರಿಹೋಗಿತ್ತು. ಬೆಳಗ್ಗೆ ನೋಡ್ಕೊಂಡು ಹಚ್ಚಿಬಿಟ್ಟೆ, ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷ ನನಗೆ. ಮರಿಗಳೇನೋ ಹೊರಗೆ ಬಂದವು, ಅರ್ಧಕ್ಕೆ ಕಾಲು ನೆಟ್ಟಗಿರಲಿಲ್ಲ. ಅಮ್ಮ ನನ್ನನ್ನ ಹೊಡೀಲಿಲ್ಲ, ಬೈಲಿಲ್ಲ. ಮೊದಲೇ ಹೇಳಿದ್ರೆ ಆ ಮೊಟ್ಟೆ ತೆಗೆದು ಬೇರೆ ಇಡ್ತಿದ್ದೆ ಅಂದಳು, ಅಷ್ಟೇ. ಹೊಡೆದಿದ್ರೆ ಮರೆತುಹೋಗ್ತಿತ್ತು."

ನಾನು ಬಾಳೆಹಣ್ಣು ತಿಂದೆ.

"ನಿನ್ನ ಪುಸ್ತಕ ಇಲ್ದೇ ಇದ್ರೆ ನಾನು ಕಾರ್ಡು ನೋಡ್ತಾನೇ ಇರಲಿಲ್ಲ" ಅಂದರು. "ಎಲ್ರೂ ನಿನ್ನ ಅತಿ ಮಾಡ್ತೀಯ ಅಂತಾರೇನೋ."

"ಅತ್ತೆ ಅಂತಾರೆ. ಗಂಡ ಅನ್ನಲ್ಲ, ಮುಖ ಮಾಡ್ತಾರೆ."

"ಅತೀನೇ. ಬಿಡಬೇಡ."

ಸೋಮವಾರ ಬೆಳಗ್ಗೆ ಬಣ್ಣ ಹಾಕಿದರು. ಮಧ್ಯಾಹ್ನ ಮುಖ್ಯಸ್ಥರು, ಡಾಕ್ಟರಮ್ಮ ನೋಡಿ ಹೋದ ಮೇಲೆ ನನ್ನನ್ನು ಒಳಗೆ ಕರೆದರು. ಕತ್ತಲೆ ಕೋಣೆ, ಮೈಕ್ರೋಸ್ಕೋಪಿನ ಮುಂದೆ ಸ್ಟೂಲು. ಮೊದಲನೆಯದು ಮೂವತ್ತರ ತಟ್ಟೆ. ಒಂದೊಂದು ಕೋಶದ ಸುತ್ತಲೂ ಹಸಿರು ಅಂಚು, ಒದ್ದೆ ಲೋಟ ಮೇಜಿನ ಮೇಲೆ ಬಿಡುವ ಗುರುತಿನ ಹಾಗೆ. ಎರಡನೆಯದು ಮೂವತ್ತೇಳು. ಅದೇ ಗುರುತನ್ನು ಯಾರೋ ಬಟ್ಟೆಯಲ್ಲಿ ಒರೆಸಿ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟ ಹಾಗೆ. ಮೂರನೆಯದಕ್ಕೆ ಕಣ್ಣಿಟ್ಟೆ.

"ಏನೂ ಕಾಣಿಸ್ತಿಲ್ಲ ಅಕ್ಕಾ. ಲೈಟ್ ಹಾಕಿಲ್ವಾ?"

"ಹಾಕಿದೆ."

ಅದು ಮೂವತ್ತೊಂಬತ್ತು. ಆ ಕಪ್ಪನ್ನು ನೋಡುತ್ತ ನನ್ನ ತೊಡೆಯ ಮೇಲೆ ಉಸಿರು ನಿಲ್ಲಿಸಿದ ಮಗಳು ನೆನಪಾದಳು. ಎರಡು ಸ್ವೆಟರುಗಳೂ ನೆನಪಾದವು. ಕೆಂಪೊಂದು, ಅದರ ಮೇಲೆ ಹಳದಿಯೊಂದು, ಎರಡನ್ನೂ ನಾನೇ ಹೆಣೆದದ್ದು. ಅಳು ಬಂತು.

"ನಾನೇ ಬೇಯಿಸ್ತಿದ್ದೆ ಅವಳನ್ನ."

"ಶೀತ ಆಗ್ಬಾರ್ದು ಅಂತ ಹಾಕಿದ್ದು. ನಾನು ಮೂವತ್ತಕ್ಕೆ ಇಳಿಸಿದ್ದೂ ಒಳ್ಳೇದಕ್ಕೇನೇ" ಅಂದರು ಅಕ್ಕ. "ಇನ್ಮೇಲೆ ಒಂದು ಸ್ವೆಟರ್ ತೆಗಿ."

ಬೆರಳಿನದೇ ತಪ್ಪು ಎಂದು ತೀರ್ಮಾನವಾಯಿತು. ತುಂಡುಗಳು ತಯಾರಾಗುತ್ತಿದ್ದವು, ಬಿಸಿಯಲ್ಲಿ ಕೂಡುತ್ತಿರಲಿಲ್ಲ. ಹೊರಗೆ ಬಂದ ಕೆಲವೇ ಕಿವಿಗಳಿಗೆ ನರದ ಮಾತು ಸ್ವಲ್ಪ ಹೆಚ್ಚು ಹೊತ್ತು ಕೇಳುವಂತೆ ಮಾಡುವುದು ಆ ಮಾತ್ರೆಯ ಕೆಲಸ. ಕ್ಲಿಪ್ಪಿನ ಜೀನಿನ ಬದಲಾವಣೆ, ಎಷ್ಟೋ ಜನರಲ್ಲಿ ಇರುವಂಥದು, ಲೆಕ್ಕಕ್ಕಿಲ್ಲದ್ದು ಎಂದು ಆಮೇಲೆ ತಿಳಿಯಿತು. ಡಾಕ್ಟರಮ್ಮ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು, ಜೊಲ್ಲಿಗೆ ಬೇರೆ ಔಷಧಿ ಕೊಟ್ಟರು. ಜ್ವರ ಬಂದರೆ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅದರ ಕೊನೆಯ ಸಾಲು, 'ತಾಯಿ ಸರಿಯಿಲ್ಲ ಎಂದರೆ ಕಾಯಿಸದೆ ಒಳಗೆ ಕರೆದುಕೊಳ್ಳಿ.' ಆ ಹಾಳೆಯನ್ನು ನಾನು ಪ್ಲಾಸ್ಟಿಕ್ ಹಾಕಿಸಿಟ್ಟಿದ್ದೇನೆ. ಅತ್ತೆಗೆ ಮೂರು ಸಲ ಓದಿ ಹೇಳಿದ್ದೇನೆ.

ಹದಿನಾಲ್ಕನೇ ತಿಂಗಳಲ್ಲಿ ಜ್ವರ ಬಂತು. ಮಧ್ಯಾಹ್ನ ಅತ್ತೆಯೇ ಮೊದಲು ಹೇಳಿದ್ದು, "ಮೈ ಯಾಕೋ ಬೆಚ್ಚಗಿದೆ, ನಿನ್ನ ಆ ಕಡ್ಡಿ ತಗೊಂಬಾ." ಮೂವತ್ತೆಂಟು ಪಾಯಿಂಟ್ ಎರಡು. ಬಟ್ಟೆ ಸಡಿಲಿಸಿ, ಜ್ವರದ ಸಿರಪ್ ಹಾಕಿ, ಫ್ಯಾನು ಹಾಕಿ, ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು. ಸೋತಳು, ರೆಪ್ಪೆ ಪೂರ್ತಿ ಮುಚ್ಚಿತು, ಒಂದು ದಿನ ಆಕ್ಸಿಜನ್ ಇಟ್ಟರು. ಉಸಿರು ಮಾತ್ರ ನಿಲ್ಲಲಿಲ್ಲ. ಡಾಕ್ಟರಮ್ಮ ಕೈ ತೊಳೆಯುತ್ತ ಹೇಳಿದರು, "ಮಾತ್ರೆ ಬಿಡಿಸಿದ ಮೇಲೆ ಈ ಜ್ವರ ಬಂದಿದ್ರೆ ನಾನು ಇಷ್ಟು ಆರಾಮಾಗಿ ಮಾತಾಡ್ತಿರಲಿಲ್ಲ."

ಅಂದು ಅಕ್ಕನಿಗೆ ಹೇಳಲು ಕೆಳಗೆ ಓಡಿದೆ. ಅವರು ಬೀರುವಿನಿಂದ ಏನೋ ತೆಗೆಯುತ್ತಿದ್ದರು. ಬೀರುವಿನ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿತ್ತು. ಆಸ್ಪತ್ರೆಯ ಮೆಮೊ. ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿ ತಪ್ಪು ವರದಿಗೆ ಕಾರಣರಾಗಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ. ಮೂವತ್ತೆಂಟು ವರ್ಷದಲ್ಲಿ ಅವರಿಗೆ ಬಂದ ಒಂದೇ ಮೆಮೊ. ಅದರ ಪಕ್ಕದಲ್ಲೇ ಆ ಶನಿವಾರದ ಕಾರ್ಡು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಇದನ್ನ ಯಾಕೆ ಅಂಟಿಸ್ಕೊಂಡಿದೀರ ಅಕ್ಕಾ?"

"ನನಗಲ್ಲ, ನನ್ನ ಜಾಗಕ್ಕೆ ಬರೋಳಿಗೆ. ಬಂದ ಮೊದಲನೇ ದಿನವೇ ಓದ್ಲಿ. ಹೇಳಿದ್ರೆ ಬರೀ ಇಷ್ಟೇ ಆಗೋದು, ಒಂದು ಕಾಗದ ಕೊಡ್ತಾರೆ ಅಂತ ಗೊತ್ತಾಗ್ಲಿ."

ನಿವೃತ್ತಿ ಅದಕ್ಕೆ ಮುಂಚೆಯೇ ಆಗಿತ್ತು, ಹೊಸಬಳು ಬರುವವರೆಗೆಂದು ಉಳಿಸಿಕೊಂಡಿದ್ದರು. ಹೊಸಬಳಿಗೆ ಕೆಲಸ ಕಲಿಸಲು ವಾರಕ್ಕೆ ಎರಡು ದಿನ ಬರುತ್ತಾರೆ, ಈಗಲೂ. ಈಗ ಎರಡೂ ಪೆಟ್ಟಿಗೆಗಳ ಬಣ್ಣ ಬೇರೆ ಬೇರೆ. ಕಾರ್ಡಿನಲ್ಲಿ ಬಿಸಿಯ ಜೊತೆಗೆ, ಒಳಗೆ ಯಾರ ತಟ್ಟೆಯಿದೆ ಎಂದು ಬರೆಯಲೂ ಒಂದು ಸಾಲು ಇದೆ. ಅಷ್ಟು ಬದಲಾಗಿದೆ.

ನನ್ನ ಮಗಳಿಗೆ ಮೂರೂವರೆ. ಓಡುವುದಿಲ್ಲ, ಬೇಗ ನಡೆಯುತ್ತಾಳೆ. ಮೆಟ್ಟಿಲು ಹತ್ತಲು ಕೈ ಬೇಕು. ಸಂಜೆ ಹೊತ್ತಿಗೆ ರೆಪ್ಪೆ ಇಳಿಯುತ್ತದೆ. ಮುಂಚೆಲ್ಲ ಎದುರಿನವರ ಮುಖ ನೋಡಲು ತಲೆ ಹಿಂದಕ್ಕೆ ಚಾಚಿ ಗದ್ದ ಎತ್ತುತ್ತಿದ್ದವಳು ಈಗ ಬೆಳಗಿನ ಹೊತ್ತು ನೇರವಾಗಿ ನೋಡುತ್ತಾಳೆ. ನನ್ನ ಭಯ ಹೋಗಿಲ್ಲ. ಅದು ಹೋಗುವ ಜಾತಿಯದಲ್ಲ. ಆದರೆ ರಾತ್ರಿ ಮಲಗುವ ಮುಂಚೆ ಅವಳ ಹಣೆ ಮುಟ್ಟಿ ಕಡ್ಡಿ ನೋಡಿ ಮೂವತ್ತೇಳು ಎಂದು ಬರೆಯುವಾಗ, ಮೊದಲು ಬರುತ್ತಿದ್ದ ನಡುಕ ಬರುವುದಿಲ್ಲ. ಆ ಅಂಕಿಯನ್ನು ನನಗಿಂತ ಚೆನ್ನಾಗಿ ಕಾಯ್ದವರು ಒಬ್ಬರಿದ್ದಾರೆ ಅನ್ನಿಸುತ್ತದೆ.

ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋದಾಗ ಆಸ್ಪತ್ರೆಯ ಗೇಟಿಗೂ ಮೊದಲು ಫುಟ್‌ಪಾತಿನ ಆ ಉದ್ದ ಕಿಟಕಿಯ ಹತ್ತಿರ ನಿಲ್ಲುತ್ತೇವೆ. ಹೋದ ವಾರವೂ ನಿಂತೆವು. ಬೆಳಗ್ಗೆ ಚಳಿಯಿತ್ತು. ಮಗಳು ಮಂಡಿಯೂರಿ ಗಾಜಿಗೆ ಮೂಗು ಒತ್ತಿ, ಬೆರಳ ಗಣ್ಣಿನಿಂದ ಎರಡು ಸಲ ತಟ್ಟಿದಳು. ಒಳಗೆ ಅಕ್ಕ ಸ್ಟೂಲು ಎಳೆದುಕೊಂಡು ಅದರ ಮೇಲೆ ಹತ್ತಿ ಕಿಟಕಿಯ ಒಂದು ರೆಕ್ಕೆ ತೆರೆದರು. ಇಬ್ಬರ ಮುಖವೂ ಎದುರುಬದುರಾಯಿತು. ಮಗಳು ಗದ್ದ ಎತ್ತಲಿಲ್ಲ. ಎರಡೂ ಕಣ್ಣು ಪೂರ್ತಿ ತೆರೆದು ನೋಡಿದಳು.

"ಗುರುತು ಸಿಕ್ತಾ ನಾನು ಯಾರು ಅಂತ?" ಕೇಳಿದರು ಅಕ್ಕ.

"ಮೂವತ್ತೇಳಜ್ಜಿ."

"ಅಕ್ಕ ಹೋಗಿ ಅಜ್ಜಿ ಆದ್ನಾ? ಇರ್ಲಿ." ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಆಮೇಲೆ ಅವಳ ಹಿಂದೆ ನಿಂತ ನನ್ನ ಚಪ್ಪಲಿ ನೋಡಿದರು. "ಏನಮ್ಮಾ, ಇವತ್ತು ಎಷ್ಟು ಸ್ವೆಟರು?"

"ಒಂದೇ ಅಕ್ಕಾ."

"ಒಳಗೆ?"

ನಾನು ಮಗಳ ಸ್ವೆಟರಿನ ಕೊರಳು ಮುಚ್ಚಿ ಹಿಡಿದೆ. ಮಗಳು ಸುಮ್ಮನಿರಲಿಲ್ಲ. "ಒಳಗೆ ಕೆಂಪುದು" ಅಂದಳು.

ಅಕ್ಕ ಕಿಟಕಿಯಿಂದ ಕೈ ಹೊರಗೆ ಚಾಚಿ, ಕೊಡು ಎನ್ನುವಂತೆ ಅಂಗೈ ತೆರೆದು ಹಿಡಿದರು. ನಾನು ಫುಟ್‌ಪಾತಿನ ಮೇಲೆ ಕೂತು ಮಗಳ ಗುಂಡಿ ಬಿಚ್ಚತೊಡಗಿದೆ.